ಆನ್‌ಲೈನ್ ಹೋಮ್‌ಸ್ಕೂಲ್: ಪಾಠ ಸಿಗುತ್ತೆ, ಪಕ್ಕದಲ್ಲಿ ಕೂರೋರು ಯಾರು?

ನಾಲ್ಕು ವರ್ಷದ ಮಗುವಿಗೆ ಡೈನೋಸಾರ್ ಕಥೆ, ಹತ್ತು ವರ್ಷದವಳಿಗೆ ಚೆಸ್, ಹದಿನಾರರ ಹುಡುಗನಿಗೆ ಕ್ಯಾಲ್ಕುಲಸ್. ಈಗ ಆನ್‌ಲೈನ್‌ನಲ್ಲಿ ಎಲ್ಲ ಪಾಠವೂ ಬಿಡಿಬಿಡಿಯಾಗಿ ಸಿಗುತ್ತದೆ. ಮಕ್ಕಳನ್ನು ಶಾಲೆ ಬಿಡಿಸಿ, ಹೀಗೆ ಒಂದೊಂದೇ ಕೋರ್ಸ್ ಆರಿಸಿಕೊಂಡು ಮನೆಯಲ್ಲೇ ಕಲಿಸುವವರು ಬೆಂಗಳೂರಲ್ಲೂ ಇದ್ದಾರೆ. ಇದೆಲ್ಲ ಕೊರೊನಾ ತಂದ ಹೊಸ ಹುಚ್ಚು ಅಂತ ಹೇಳೋರು ಜಾಸ್ತಿ. ಹಾಗೇನಿಲ್ಲ, ಇದು ಶುರುವಾಗಿದ್ದು ಅಂಚೆ ಪೆಟ್ಟಿಗೆಯ ಕಾಲದಲ್ಲಿ.

ಅಮೆರಿಕದ ಬಾಲ್ಟಿಮೋರ್‌ನಲ್ಲಿ ಕ್ಯಾಲ್ವರ್ಟ್ ಅನ್ನೋ ಶಾಲೆ ಇತ್ತು. 1905ರ ಸುಮಾರಿಗೆ ಅಲ್ಲಿ ನಾಯಿಕೆಮ್ಮು ಹರಡಿ ಮಕ್ಕಳು ಮನೆಯಲ್ಲೇ ಉಳಿಯಬೇಕಾಯಿತು. ಹೆಡ್‌ಮಾಸ್ಟರ್ ವರ್ಜಿಲ್ ಹಿಲ್ಯರ್ ಪಾಠಗಳನ್ನು ಬರೆದು ಮನೆಗಳಿಗೆ ತಲುಪುವಂತೆ ಮಾಡಿದರು. ಮರುವರ್ಷ ಅದೇ ದೊಡ್ಡ ಅಂಚೆ ಶಿಕ್ಷಣವಾಯಿತು. ಪುಸ್ತಕ, ಪೆನ್ಸಿಲ್, ಕಾಗದ, ದಿನದಿನದ ಪಾಠ ಎಲ್ಲ ಒಂದೇ ಪೆಟ್ಟಿಗೆಯಲ್ಲಿ ಬರುತ್ತಿತ್ತು. ದೂರದೇಶದಲ್ಲಿದ್ದ ಮಿಷನರಿಗಳು, ಸೈನಿಕರು, ರಾಯಭಾರಿಗಳ ಮನೆಗಳಿಗೂ ಹೋಗುತ್ತಿತ್ತು. ಮುಖ್ಯವಾದದ್ದು ಅದರ ಕೈಪಿಡಿ. ಇವತ್ತು ಇದನ್ನು ಓದಿಸಿ, ಇದನ್ನು ಕೇಳಿ, ಇದನ್ನು ಬರೆಸಿ ಅಂತ ಅದರಲ್ಲಿ ಹೇಳಿದ್ದು ಮಕ್ಕಳಿಗಲ್ಲ, ಮನೆಯಲ್ಲಿ ಕಲಿಸುವ ದೊಡ್ಡವರಿಗೆ. ಅಂದರೆ ಬಹುಪಾಲು ಅಮ್ಮಂದಿರಿಗೆ.

ಆಸ್ಟ್ರೇಲಿಯಾದವರದು ಇನ್ನೂ ಸ್ವಾರಸ್ಯ. ಅಲ್ಲಿ ಒಂದು ಮನೆಗೂ ಇನ್ನೊಂದಕ್ಕೂ ನೂರಾರು ಕಿಲೋಮೀಟರ್, ಶಾಲೆ ಕಟ್ಟಿ ಪ್ರಯೋಜನವೇ ಇಲ್ಲ. 1951ರಲ್ಲಿ ಆಲಿಸ್ ಸ್ಪ್ರಿಂಗ್ಸ್‌ನಿಂದ 'ಸ್ಕೂಲ್ ಆಫ್ ದಿ ಏರ್' ಶುರುವಾಯಿತು. ವಿಮಾನದಲ್ಲಿ ಬರುವ ಡಾಕ್ಟರನ್ನು ಕರೆಯಲು ಇಟ್ಟುಕೊಂಡಿದ್ದ ರೇಡಿಯೋ ಇತ್ತಲ್ಲ, ಅದರಲ್ಲೇ ಮೇಷ್ಟ್ರು ಪಾಠ ಹೇಳಿದರು. ಮಗು ಉತ್ತರ ಹೇಳಿ, ಮಾತು ಮುಗೀತು ಅನ್ನೋಕೆ 'ಓವರ್' ಅನ್ನಬೇಕು. ಜೂಮ್‌ನಲ್ಲಿ 'ಮ್ಯೂಟ್ ತೆಗಿ' ಅಂತ ಕಿರುಚಿದವರಿಗೆ ಈ ಗೋಳು ಅರ್ಥವಾಗುತ್ತೆ. ಅಲ್ಲೂ ಮಗುವಿನ ಪಕ್ಕದಲ್ಲಿ ಒಬ್ಬರು ಕೂತಿರಬೇಕಿತ್ತು. ಅಮ್ಮ, ಇಲ್ಲವೇ ಸಂಬಳಕ್ಕೆ ಇಟ್ಟುಕೊಂಡವರು.

ಇವರೆಲ್ಲ ಬೇರೆ ದಾರಿ ಇಲ್ಲದೆ ಮನೆಯಲ್ಲಿ ಕಲಿಸಿದವರು. ಹತ್ತಿರವೇ ಶಾಲೆ ಇದ್ದರೂ ಬೇಡ ಅನ್ನೋರು 70ರ ದಶಕದಲ್ಲಿ ಬಂದರು. ಅಮೆರಿಕದಲ್ಲಿ ಜಾನ್ ಹೋಲ್ಟ್ ಅನ್ನೋ ಮೇಷ್ಟ್ರು, ಶಾಲೆ ಮಕ್ಕಳ ಕುತೂಹಲವನ್ನು ಸಾಯಿಸುತ್ತದೆ ಎಂದು ವಾದಿಸಿ, 1977ರಲ್ಲಿ ಇಂಥ ಪೋಷಕರಿಗಾಗಿಯೇ ಪತ್ರಿಕೆ ತಂದರು. 80ರ ದಶಕದಲ್ಲಿ ಧರ್ಮದ ಕಾರಣಕ್ಕೆ ಶಾಲೆ ಬಿಡಿಸಿದ ಕ್ರೈಸ್ತ ಕುಟುಂಬಗಳು ದೊಡ್ಡ ಸಂಖ್ಯೆಯಲ್ಲಿ ಸೇರಿಕೊಂಡವು. ಕೋರ್ಟು, ಕಾನೂನು ಅಂತ ಓಡಾಡಿ, 1993ರ ಹೊತ್ತಿಗೆ 50 ರಾಜ್ಯಗಳಲ್ಲೂ ಹೋಮ್‌ಸ್ಕೂಲಿಂಗ್ ಕಾನೂನುಬದ್ಧವಾಯಿತು.

ಇಂಟರ್ನೆಟ್ ಬಂದಾಗ ಗಿರಾಕಿಗಳು ಸಿದ್ಧವಾಗಿಯೇ ಇದ್ದರು. ಸಾಲ್ ಖಾನ್ 2004ರಲ್ಲಿ ದೂರದಲ್ಲಿದ್ದ ಚಿಕ್ಕಪ್ಪನ ಮಗಳಿಗೋ ಅತ್ತೆ ಮಗಳಿಗೋ ಗಣಿತ ಹೇಳಿಕೊಡಲು ಹೋಗಿದ್ದು (ಇಂಗ್ಲಿಷಿನವರಿಗೆ ಎಲ್ಲರೂ 'ಕಸಿನ್' ತಾನೆ), ಆಮೇಲೆ ಖಾನ್ ಅಕಾಡೆಮಿ ಅನ್ನೋ ಆನ್‌ಲೈನ್ ಪಾಠದ ತಾಣವಾಗಿ ಬೆಳೆಯಿತು. ಅದು ಪುಕ್ಕಟೆ. 2015ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಔಟ್‌ಸ್ಕೂಲ್ ಅನ್ನೋ ಕಂಪನಿ ಹುಟ್ಟಿತು. 3ರಿಂದ 18 ವರ್ಷದ ಮಕ್ಕಳಿಗೆ ಸಣ್ಣ ಸಣ್ಣ ಗುಂಪಿನ ಲೈವ್ ಕ್ಲಾಸು, ಬೆಲೆ ಇಡೋದು ಪಾಠ ಮಾಡುವವರೇ, ಅದರಲ್ಲಿ ಕಂಪನಿಗೂ ಪಾಲು. ಮೊದಲು ಹೋಮ್‌ಸ್ಕೂಲ್ ಮನೆಗಳೇ ಅದರ ಆಸರೆ. 2020ರಲ್ಲಿ ಉಳಿದವರೂ ಮುಗಿಬಿದ್ದರು.

ನಮ್ಮಲ್ಲಿ ಅದೇ ವರ್ಷ ಜೂನ್‌ನಲ್ಲಿ, ಐದನೇ ತರಗತಿವರೆಗೆ ಆನ್‌ಲೈನ್ ಪಾಠ ಬೇಡ ಅಂತ ರಾಜ್ಯ ಸರ್ಕಾರ ಹೇಳಿತು. ಆಮೇಲೆ ಸ್ವಲ್ಪ ಸಡಿಲಿಸಿತು. ಜುಲೈ 8ರಂದು ಹೈಕೋರ್ಟ್ ಆ ಆದೇಶಗಳಿಗೇ ತಡೆ ಕೊಟ್ಟಿತು. ಸಣ್ಣ ಮಕ್ಕಳನ್ನು ಸ್ಕ್ರೀನ್ ಮುಂದೆ ಕೂರಿಸಬೇಕಾ ಬೇಡವಾ ಅನ್ನೋ ಜಗಳ ನಡೆಯುತ್ತಿರುವಾಗಲೇ, ಕೂರಿಸೋ ಕೆಲಸ ಮಾತ್ರ ಅಡುಗೆಮನೆಯಿಂದ ಓಡಿಬಂದ ಅಮ್ಮಂದಿರ ಪಾಲಿಗೆ ಬಿದ್ದಿತ್ತು.

ಭಾರತದಲ್ಲಿ ಹೋಮ್‌ಸ್ಕೂಲಿಂಗ್ ಅಡ್ಡಗೋಡೆಯ ಮೇಲಿನ ದೀಪ. 2009ರ ಶಿಕ್ಷಣ ಹಕ್ಕು ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ 6ರಿಂದ 14 ವರ್ಷದ ಮಕ್ಕಳನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ. ಆದರೆ ಸೇರಿಸದಿದ್ದರೆ ಶಿಕ್ಷೆ ಏನು ಅಂತ ಆ ಕಾಯ್ದೆಯಲ್ಲಿಲ್ಲ. ಹಾಗಾಗಿ ಹೆಚ್ಚಿನವರು ಸುಮ್ನೆ ಮುಂದುವರಿಯುತ್ತಾರೆ.

ಚಿಂತೆ ಶುರುವಾಗೋದು ಹತ್ತನೇ ಕ್ಲಾಸು ಹತ್ತಿರ ಬಂದಾಗ. ಎಷ್ಟೇ ಕೋರ್ಸ್ ಮಾಡಿಸಿದ್ದರೂ ಅವುಗಳ ಸರ್ಟಿಫಿಕೇಟ್ ಇಟ್ಟುಕೊಂಡು ಪಿಯುಸಿಗೆ ಸೀಟು ಕೇಳುವ ಹಾಗಿಲ್ಲ. ಆಗ ಬೇಕಾಗುವುದು ಎನ್‌ಐಓಎಸ್, ಅಂದರೆ 1989ರಲ್ಲಿ ಶುರುವಾದ ಕೇಂದ್ರದ ಮುಕ್ತ ಶಾಲೆ. 14 ವರ್ಷ ತುಂಬಿದವರು ಅಲ್ಲಿ ಹತ್ತನೇ ತರಗತಿಗೆ ಹೆಸರು ಬರೆಸಬಹುದು. ಐದು ವಿಷಯ ಸಾಕು. ಒಂದೇ ಸಲಕ್ಕೆ ಎಲ್ಲ ಮುಗಿಸಬೇಕು ಅಂತಿಲ್ಲ, ನೋಂದಣಿ ಐದು ವರ್ಷ ನಡೆಯುತ್ತದೆ. ವಿಷಯಗಳ ಪಟ್ಟಿಯಲ್ಲಿ ಗಣಿತ, ವಿಜ್ಞಾನದ ಜೊತೆ ಚಿತ್ರಕಲೆ, ಗೃಹವಿಜ್ಞಾನ, ಕರ್ನಾಟಕ ಸಂಗೀತವೂ ಇವೆ. ಹಾಡು ಕಲಿಯುತ್ತಿರುವ ಹುಡುಗಿ ಸಂಗೀತವನ್ನೇ ಪರೀಕ್ಷೆಯ ಒಂದು ವಿಷಯವಾಗಿ ತೆಗೆದುಕೊಳ್ಳಬಹುದು. ಕೋರ್ಸಿಗೆ ದುಡ್ಡು ಕಟ್ಟುವ ಮುಂಚೆ ಈ ಪಟ್ಟಿ ನೋಡೋರು ಕಡಿಮೆ, ಹದಿನಾಲ್ಕಾದ ಮೇಲೆ ಗಡಿಬಿಡಿಯಲ್ಲಿ ಹುಡುಕೋರೇ ಜಾಸ್ತಿ.