ಎಚ್-ಇಂಡೆಕ್ಸ್ ನಲವತ್ತು, ಸರಿ, ಕೆಲಸ ಯಾವುದು?

ಆಯ್ಕೆ ಸಮಿತಿಗೆ ಬರುವ ಬಯೋಡೇಟಾಗಳ ಮೊದಲ ಪುಟದಲ್ಲೇ ಈಗ ಮೂರು ಅಂಕಿಗಳು ಕೂತಿರುತ್ತವೆ: ಒಟ್ಟು ಪೇಪರ್‌ಗಳು, ಒಟ್ಟು ಸೈಟೇಶನ್‌ಗಳು (ಆ ಪೇಪರ್‌ಗಳನ್ನು ಬೇರೆ ಪೇಪರ್‌ಗಳು ಉಲ್ಲೇಖಿಸಿದ ಸಲಗಳು), ಎರಡನ್ನೂ ಸೇರಿಸಿ ಅಳೆಯುವ ಎಚ್-ಇಂಡೆಕ್ಸ್. ಅಭ್ಯರ್ಥಿ ಕಂಡುಹಿಡಿದದ್ದೇನು ಎಂದು ತಿಳಿಯಲು ಹಾಳೆ ತಿರುವುತ್ತ ಹೋಗಬೇಕು.

ಈ ಎಚ್-ಇಂಡೆಕ್ಸ್ ಹುಟ್ಟಿದ್ದು ನಮ್ಮದೇ ಓಣಿಯಲ್ಲಿ, ಭೌತಶಾಸ್ತ್ರದಲ್ಲಿ. ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹೋರ್ಹೆ ಹಿರ್ಷ್, ಅತಿವಾಹಕತೆಯ (ವಿದ್ಯುತ್ ಅಡ್ಡಿಯೇ ಇಲ್ಲದೆ ಹರಿಯುವುದರ) ಬಗ್ಗೆ ತಲೆಕೆಡಿಸಿಕೊಂಡಿರುವ ಕಂಡೆನ್ಸ್ಡ್ ಮ್ಯಾಟರ್ (ಘನ, ದ್ರವ ವಸ್ತುಗಳ ಭೌತಶಾಸ್ತ್ರ) ವಿಜ್ಞಾನಿ, 2005ರಲ್ಲಿ ಅದನ್ನು ಸೂಚಿಸಿದರು. ಲೆಕ್ಕ ಸರಳ. ನಿಮ್ಮ ಪೇಪರ್‌ಗಳಲ್ಲಿ ನಲವತ್ತಕ್ಕೆ ತಲಾ ನಲವತ್ತಾದರೂ ಸೈಟೇಶನ್ ಇದ್ದು, ನಲವತ್ತೊಂದಕ್ಕೆ ತಲಾ ನಲವತ್ತೊಂದು ಇಲ್ಲದಿದ್ದರೆ ನಿಮ್ಮ ಎಚ್ 40. ಅಮೆರಿಕದ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಸಹಪ್ರಾಧ್ಯಾಪಕರಾಗಲು ಸುಮಾರು 12, ಪ್ರಾಧ್ಯಾಪಕರಾಗಲು ಸುಮಾರು 18 ಎಂಬ ಅಂದಾಜನ್ನೂ ಅವರೇ ಕೊಟ್ಟರು. ಒಬ್ಬರ ಕೆಲಸವನ್ನು ಒಂದೇ ಅಂಕಿ ಬರೀ ಒರಟಾಗಿ ಹಿಡಿಯಬಲ್ಲದು ಎಂಬ ಎಚ್ಚರಿಕೆಯೂ ಅದೇ ಪೇಪರ್‌ನಲ್ಲಿತ್ತು. ಸಮಿತಿಗಳು ಅಂದಾಜನ್ನು ಇಟ್ಟುಕೊಂಡವು, ಎಚ್ಚರಿಕೆಯನ್ನು ಬಿಟ್ಟವು.

ಹಿರ್ಷ್ ಅಂದು ಕೊಟ್ಟ, ಭೌತಶಾಸ್ತ್ರಜ್ಞರ ಎಚ್-ಇಂಡೆಕ್ಸ್‌ಗಳ ಪಟ್ಟಿಯನ್ನೇ ನೋಡಿ. ವಿದ್ಯುತ್ ಹರಿಸುವ ಪ್ಲಾಸ್ಟಿಕ್‌ಗಳ ಅಲನ್ ಹೀಗರ್ 107, ಕಂಡೆನ್ಸ್ಡ್ ಮ್ಯಾಟರ್‌ನ ಫಿಲಿಪ್ ಆಂಡರ್ಸನ್ 91, ಕಪ್ಪುಕುಳಿಗಳ ಸ್ಟೀಫನ್ ಹಾಕಿಂಗ್ 62. ಹೀಗರ್ ಅವರದು ಹಾಕಿಂಗರಿಗಿಂತ ಒಂದೂ ಮುಕ್ಕಾಲು ಪಟ್ಟು ದೊಡ್ಡ ಕೆಲಸವೇ? ಹಾಗೆ ಯಾರೂ ಹೇಳುವುದಿಲ್ಲ. ಪ್ಲಾಸ್ಟಿಕ್ ವಾಹಕಗಳ ಮೇಲೆ ಭೌತಶಾಸ್ತ್ರಜ್ಞರು, ರಸಾಯನಶಾಸ್ತ್ರಜ್ಞರು, ಎಂಜಿನಿಯರುಗಳು ಎಲ್ಲರೂ ಪೇಪರ್ ಬರೆಯುತ್ತಾರೆ. ಕಪ್ಪುಕುಳಿಗಳ ಗಣಿತದಲ್ಲಿ ಅಷ್ಟು ಜನವಿಲ್ಲ. ಸೈಟೇಶನ್ ಮೊದಲು ಅಳೆಯುವುದು ಆ ಸಂತೆಗೆ ಎಷ್ಟು ಜನ ಬಂದಿದ್ದಾರೆ ಎಂಬುದನ್ನು.

ಸಂತೆ ನೆರೆಯುವ ಮೊದಲೇ ಬಂದು ಕೂತವರ ಗತಿ? ಭೌತಶಾಸ್ತ್ರಜ್ಞ ಡಂಕನ್ ಹಾಲ್ಡೇನ್ 1988ರಲ್ಲಿ ಜೇನುಗೂಡಿನ ಜಾಲರಿಯೊಂದರ ಮೇಲೆ ಆಟಿಕೆಯಂಥ ಮಾದರಿಯೊಂದನ್ನು ಬರೆದರು: ಹೊರಗಿನ ಕಾಂತಕ್ಷೇತ್ರದಿಂದ ಬರುವ ಲ್ಯಾಂಡೌ ಮಟ್ಟಗಳು (ಎಲೆಕ್ಟ್ರಾನುಗಳ ಶಕ್ತಿಯ ಮೆಟ್ಟಿಲುಗಳು) ಇಲ್ಲದೆಯೇ ಕ್ವಾಂಟಮ್ ಹಾಲ್ ಪರಿಣಾಮ (ಪ್ರವಾಹಕ್ಕೆ ಅಡ್ಡಲಾಗಿ ಅಳೆದ ವಿದ್ಯುತ್ ರೋಧ ನಿಗದಿತ ಮೆಟ್ಟಿಲುಗಳಲ್ಲೇ ನಿಲ್ಲುವುದು) ಸಾಧ್ಯ ಎಂದು. ಬಹಳ ವರ್ಷ ಅದು ಕುತೂಹಲದ ವಸ್ತುವಾಗಿ ಉಳಿಯಿತು. 2004ರಲ್ಲಿ ಗ್ರ್ಯಾಫೀನ್ (ಒಂದೇ ಪರಮಾಣು ದಪ್ಪದ, ಜೇನುಗೂಡಿನ ಜಾಲರಿಯ ಇಂಗಾಲದ ಹಾಳೆ) ಬಂತು, 2005ರಲ್ಲಿ ಕೇನ್ ಮತ್ತು ಮೆಲೆ ಆ ಮಾದರಿಯನ್ನು ಮತ್ತೆ ಕೈಗೆತ್ತಿಕೊಂಡರು, ಟೋಪೊಲಾಜಿಕಲ್ ವಸ್ತುಗಳ (ಒಳಗೆ ವಿದ್ಯುತ್ ಹರಿಯದೆ ಅಂಚಿನಲ್ಲಿ ಹರಿಯುವಂಥವುಗಳ) ಕ್ಷೇತ್ರವೇ ಎದ್ದು ನಿಂತಿತು. 2016ರ ನೊಬೆಲ್‌ನಲ್ಲಿ ಹಾಲ್ಡೇನ್ ಅವರ ಪಾಲಿಗೆ ಕಾರಣವಾದ ಕೆಲಸಗಳಲ್ಲಿ ಇದೂ ಒಂದು. ಇನ್ನೊಂದು ಮಾತು: ಒಂದು ಪೇಪರ್‌ಗೆ ಸಾವಿರಗಟ್ಟಲೆ ಸೈಟೇಶನ್ ಬಂದರೂ ಎಚ್-ಇಂಡೆಕ್ಸ್‌ಗೆ ಅದು ಕೂಡಿಸುವುದು ಒಂದನ್ನಷ್ಟೇ.

ಇದಕ್ಕೆ ತದ್ವಿರುದ್ಧದ ಉದಾಹರಣೆ ನನಗೆ ಬಹಳ ಇಷ್ಟ. ಜಪಾನಿನ ತ್ಸುಕುಬಾದಲ್ಲಿ ತಾಕಾಶಿ ತಾನಿಗುಚಿ ಮತ್ತು ಕೆಂಜಿ ವಾತಾನಾಬೆ ದೈತ್ಯ ಪ್ರೆಸ್‌ನಲ್ಲಿ, ಭಾರೀ ಒತ್ತಡ ಮತ್ತು ಶಾಖದಲ್ಲಿ, ಬೋರಾನ್ ನೈಟ್ರೈಡ್ ಹರಳು ಬೆಳೆಸುತ್ತಾರೆ. 2010ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದವರು ಗ್ರ್ಯಾಫೀನನ್ನು ಆ ಹರಳಿನ ಮೇಲೆ ಇಟ್ಟಾಗ ಎಲೆಕ್ಟ್ರಾನುಗಳ ಓಟ ಎಷ್ಟೋ ಪಟ್ಟು ಸಲೀಸಾಯಿತು. ಆಮೇಲೆ ಲೋಕದ ಲ್ಯಾಬ್‌ಗಳೆಲ್ಲ ಅವರಿಗೆ ಪತ್ರ ಬರೆದವು. ಹರಳು ಹೋದಲ್ಲೆಲ್ಲ ಅವರ ಹೆಸರೂ ಹೋಯಿತು. 2018ರಲ್ಲಿ ಎಂಐಟಿಯವರು ತಿರುಚಿದ ಗ್ರ್ಯಾಫೀನ್‌ನಲ್ಲಿ ಅತಿವಾಹಕತೆ ಕಂಡ ಪೇಪರ್‌ನಲ್ಲೂ ಇಬ್ಬರೂ ಲೇಖಕರು. ಇದು ಪುಕ್ಕಟೆ ಸೈಟೇಶನ್ ಎಂದು ಗೊಣಗುವವರು ಇದ್ದಾರೆ. ನಾನು ಒಪ್ಪುವುದಿಲ್ಲ. ಆ ಹರಳಿಲ್ಲದೆ ಅಳತೆಯೇ ಇಲ್ಲ. ಆದರೆ ಆ ಅಂಕಿಯನ್ನು ಥಿಯರಿಯವರ ಅಂಕಿಯ ಪಕ್ಕದಲ್ಲಿಟ್ಟು ತೂಗುವುದು ಅರ್ಥವಿಲ್ಲದ ಕೆಲಸ.

ಲೇಖಕರ ಸಾಲಿನ ಕಥೆ ನಮ್ಮ ದೇಶದಲ್ಲಿ ಇನ್ನೂ ವಿಚಿತ್ರ. ಅಧ್ಯಾಪಕರ ನೇಮಕಾತಿಗೆ ಯುಜಿಸಿ ಮಾಡಿದ 2018ರ ನಿಯಮದಂತೆ ಇಬ್ಬರಿಗಿಂತ ಹೆಚ್ಚು ಲೇಖಕರಿದ್ದರೆ ಮೊದಲ ಅಥವಾ ಪತ್ರವ್ಯವಹಾರದ ಲೇಖಕರಿಗೆ ಶೇ. 70 ಅಂಕ, ಮಿಕ್ಕವರಿಗೆ ತಲಾ ಶೇ. 30. ಈಗ 1979ರ ಒಂದು ಪೇಪರ್ ತೆಗೆಯಿರಿ: ಅಬ್ರಹಾಮ್ಸ್, ಆಂಡರ್ಸನ್, ಲಿಚಿಯಾರ್ಡೆಲ್ಲೊ, ರಾಮಕೃಷ್ಣನ್. ಹಾಳೆಯಷ್ಟು ತೆಳುವಾದ ವಾಹಕದಲ್ಲಿ ಪರಮಾಣುಗಳ ಜೋಡಣೆಯಲ್ಲಿ ಚೂರೇ ಅವ್ಯವಸ್ಥೆ ಇದ್ದರೂ, ತಾಪ ನಿರಪೇಕ್ಷ ಸೊನ್ನೆಗೆ ಇಳಿದಂತೆ ಎಲೆಕ್ಟ್ರಾನುಗಳು ಸಿಕ್ಕಿಬೀಳುತ್ತವೆ ಎಂದು ವಾದಿಸಿದ ಪೇಪರ್. ‘ಗ್ಯಾಂಗ್ ಆಫ್ ಫೋರ್’ ಎಂದರೆ ಇಂದಿಗೂ ನಮ್ಮವರಿಗೆ ಅದೇ. ಹೆಸರುಗಳಿರುವುದು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ. ಮುಂದೆ ಬೆಂಗಳೂರಿನ ಐಐಎಸ್‌ಸಿಯಲ್ಲಿ ದೀರ್ಘಕಾಲ ಇದ್ದ ಟಿ. ವಿ. ರಾಮಕೃಷ್ಣನ್ ಅವರನ್ನು ‘ಆರ್’ ಅಕ್ಷರ ಕೊನೆಗೆ ತಳ್ಳಿದೆ, ಅಷ್ಟೇ. ಇಂದಿನ ನಮೂನೆಯಲ್ಲಿ ಆ ಸ್ಥಾನಕ್ಕೆ ಮೂವತ್ತು.

ಹೆಸರು ಬರೆಯುವ ಬಗೆಯೂ ಕಾಟ ಕೊಡುತ್ತದೆ. ಐಐಎಸ್‌ಸಿಯ ಎಚ್. ಆರ್. ಕೃಷ್ಣಮೂರ್ತಿ 1980ರಲ್ಲಿ ವಿಲ್ಕಿನ್ಸ್ ಮತ್ತು ವಿಲ್ಸನ್ ಜೊತೆ ಬರೆದ ಪ್ರಸಿದ್ಧ ಪೇಪರ್‌ಗಳಲ್ಲಿ ‘ಕೃಷ್ಣ’ ಮತ್ತು ‘ಮೂರ್ತಿ’ ನಡುವೆ ಅಡ್ಡಗೆರೆ ಇದೆ, ಮುಂದಿನವುಗಳಲ್ಲಿ ಇಲ್ಲ. ಕಂಪ್ಯೂಟರಿಗೆ ಇವರು ಇಬ್ಬರಾಗಿ ಕಂಡರೆ ಆಶ್ಚರ್ಯವಿಲ್ಲ.

ಹಿರ್ಷ್ ಸ್ವತಃ 2020ರ ಹೊತ್ತಿಗೆ ತಮ್ಮ ಸೂಚ್ಯಂಕದಿಂದ ಕೆಟ್ಟ ಪರಿಣಾಮಗಳೂ ಆಗಬಹುದು ಎಂದು ಬರೆದರು. ಅವರ ಬಹುಕಾಲದ ಜಗಳ ಅತಿವಾಹಕತೆಯನ್ನು ವಿವರಿಸುವ 1957ರ ಬಿಸಿಎಸ್ ಸಿದ್ಧಾಂತದ ಜೊತೆ. ಅವರ ವಾದ ಸರಿಯೆಂದು ನನಗೆ ಅನಿಸಿಲ್ಲ, ಆದರೆ ಹರಿವಿಗೆ ಎದುರು ಈಜುವವರಿಗೆ ಸೈಟೇಶನ್ ಸಿಗುವುದು ಕಷ್ಟ ಎಂಬ ಅವರ ದೂರು ಸುಳ್ಳಲ್ಲ.

ಹಾಗಾದರೆ ಬಯೋಡೇಟಾ ಓದುವುದು ಹೇಗೆ? ಅಭ್ಯರ್ಥಿಯ ಮೂರು ಪೇಪರ್ ಆರಿಸಿ, ಅವನ್ನು ಉಲ್ಲೇಖಿಸಿದ ಬೇರೆಯವರ ಪೇಪರ್‌ಗಳನ್ನು ತೆರೆಯುತ್ತೇನೆ. ನಮ್ಮ ಕ್ಷೇತ್ರದಲ್ಲಿ ಬಹುಪಾಲು ಉಲ್ಲೇಖಗಳು ಪೀಠಿಕೆಯ ಎರಡನೇ ವಾಕ್ಯದಲ್ಲಿ, ಒಂದರಿಂದ ಹದಿನೈದು ಎಂದು ಒಟ್ಟಿಗೆ ಕಟ್ಟಿದ ಕಂತೆಯಲ್ಲಿ ಬರುತ್ತವೆ. ಕಂತೆಯಲ್ಲಿದ್ದರೆ ಮುಂದೆ ಹೋಗುತ್ತೇನೆ. ಯಾರಾದರೂ ಅವರ ಸಮೀಕರಣವನ್ನು ಎತ್ತಿಕೊಂಡು ತಮ್ಮ ಲೆಕ್ಕ ಮಾಡಿದ್ದರೆ, ಅವರ ಹರಳನ್ನು ತಮ್ಮ ಲ್ಯಾಬ್‌ನಲ್ಲಿ ಮತ್ತೆ ಬೆಳೆಸಿದ್ದರೆ, ಅಥವಾ ಅವರದು ತಪ್ಪೆಂದು ತೋರಿಸಲು ಒಂದಿಡೀ ವಿಭಾಗ ಬರೆದಿದ್ದರೆ, ಅಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ಸಂದರ್ಶನದ ಪ್ರಶ್ನೆಗಳು ಆ ಗುರುತುಗಳಿಂದಲೇ ಬರುತ್ತವೆ.