ಜರಡಿಯಿಂದ ಯಾರೂ ಎತ್ತರವಾಗುವುದಿಲ್ಲ

ಬೇಸಿಗೆ ರಜೆ ಶುರುವಾದರೆ ಬ್ಯಾಸ್ಕೆಟ್‌ಬಾಲ್ ಶಿಬಿರಗಳಿಗೆ ಮಕ್ಕಳನ್ನು ಕರೆತರುವ ಅಪ್ಪ ಅಮ್ಮಂದಿರ ಬಾಯಲ್ಲಿ ಒಂದೇ ಮಾತು: "ಆಟ ಬಂದರೆ ಬರಲಿ, ಬಿಟ್ಟರೆ ಬಿಡಲಿ, ಹುಡುಗ ಸ್ವಲ್ಪ ಉದ್ದ ಆಗಲಿ." ಓದಿದವರೂ ಇದನ್ನೇ ಹೇಳುತ್ತಾರೆ. ಕೆಲವು ಕೋಚ್‌ಗಳು ಹೌದೆಂದು ತಲೆಯಾಡಿಸುತ್ತಾರೆ. ಎತ್ತರ ಹೆಚ್ಚಿಸುವ ಪುಡಿಗಳ ಜಾಹೀರಾತುಗಳಲ್ಲಿ ಚೆಂಡು ಹಿಡಿದ ಹುಡುಗನೊಬ್ಬ ಇರಲೇಬೇಕು. ಪುರಾವೆ ಏನು ಎಂದರೆ, "ಅಮೆರಿಕದ ಎನ್‌ಬಿಎ ಆಟಗಾರರನ್ನು ನೋಡಿ, ಎಲ್ಲರೂ ಆರೂವರೆ ಅಡಿ" ಎನ್ನುತ್ತಾರೆ.

ಸರಿ, ನೋಡೋಣ. ಆದರೆ ಅವರು ಎನ್‌ಬಿಎ, ಅಂದರೆ ಅಲ್ಲಿನ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್, ತಲುಪಿದ ಮೇಲೆ ನೋಡಿದರೆ ಸಾಲದು, ಒಳಗೆ ಬರುವ ಬಾಗಿಲಲ್ಲಿ ನಿಂತು ನೋಡಬೇಕು. ಆ ಬಾಗಿಲಿನ ಹೆಸರು ಡ್ರಾಫ್ಟ್: ವರ್ಷಕ್ಕೊಮ್ಮೆ ತಂಡಗಳು ಸರದಿಯ ಮೇಲೆ ಹೊಸ ಆಟಗಾರರನ್ನು ಒಬ್ಬೊಬ್ಬರಾಗಿ ಆರಿಸಿಕೊಳ್ಳುವ ಪದ್ಧತಿ. ಬಾಗಿಲಿಗೆ ಅತಿ ಹೆಚ್ಚು ಜನರನ್ನು ಕಳಿಸಿದ ಕಾಲೇಜು ತಂಡಗಳ ಕೂಟಗಳಲ್ಲಿ ಒಂದು ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್, ಅಂದರೆ ಎಸಿಸಿ. ಡ್ಯೂಕ್, ನಾರ್ತ್ ಕೆರೊಲಿನಾ, ವರ್ಜೀನಿಯಾ, ವೇಕ್ ಫಾರೆಸ್ಟ್ ಮುಂತಾದ ವಿಶ್ವವಿದ್ಯಾಲಯಗಳು ಇದರಲ್ಲಿವೆ. ಮೈಕೆಲ್ ಜೋರ್ಡನ್ 1984ರಲ್ಲಿ ಇಲ್ಲಿಂದಲೇ ಮೂರನೆಯವರಾಗಿ ಆಯ್ಕೆಯಾದರು. 2017ರಲ್ಲಿ ಮೊದಲ ಸುತ್ತಿನ 30 ಆಯ್ಕೆಗಳಲ್ಲಿ 10 ಈ ಒಂದೇ ಕೂಟದ ಪಾಲಾದವು, 2019ರಲ್ಲಿ ಮತ್ತೆ 10. ಡ್ಯೂಕ್ ಒಂದರಿಂದಲೇ 2019ರಲ್ಲಿ ಝಯಾನ್ ವಿಲಿಯಮ್ಸನ್, 2022ರಲ್ಲಿ ಪಾವ್ಲೊ ಬಂಕೆರೊ, 2025ರಲ್ಲಿ ಕೂಪರ್ ಫ್ಲ್ಯಾಗ್ ಮೊದಲ ಸ್ಥಾನದಲ್ಲಿ ಆಯ್ಕೆಯಾದರು.

ನನಗೆ ಇವರೆಲ್ಲರಿಗಿಂತ ಹೆಚ್ಚು ಕುತೂಹಲ ಹುಟ್ಟಿಸುವವರು ವೇಕ್ ಫಾರೆಸ್ಟ್‌ನ ಮೂವರು. 1987ರಲ್ಲಿ 12ನೆಯವರಾಗಿ ಆಯ್ಕೆಯಾದ ಮಗ್ಸಿ ಬೋಗ್ಸ್, ಎತ್ತರ 5 ಅಡಿ 3 ಅಂಗುಲ. ಎನ್‌ಬಿಎ ಚರಿತ್ರೆಯಲ್ಲೇ ಅವರಷ್ಟು ಗಿಡ್ಡ ಆಟಗಾರ ಇನ್ನೊಬ್ಬರಿಲ್ಲ. 1997ರಲ್ಲಿ ಮೊದಲನೆಯವರಾಗಿ ಆಯ್ಕೆಯಾದ ಟಿಮ್ ಡಂಕನ್, 6 ಅಡಿ 11 ಅಂಗುಲ. 2005ರಲ್ಲಿ ನಾಲ್ಕನೆಯವರಾಗಿ ಆಯ್ಕೆಯಾದ ಕ್ರಿಸ್ ಪಾಲ್, 6 ಅಡಿ. ಒಂದೇ ಕಾಲೇಜು, ಒಂದೇ ಆಟ. ಆಟವೇ ಎತ್ತರ ಕೊಡುವುದಾದರೆ ಬೋಗ್ಸ್‌ಗೆ ಏಕೆ ಕೊಡಲಿಲ್ಲ? ಬಾಲ್ಟಿಮೋರ್‌ನ ಡನ್‌ಬಾರ್ ಹೈಸ್ಕೂಲಿನಲ್ಲಿ ಅವರು ಆಡುತ್ತಿದ್ದ ತಂಡದ ಬಲ ಎಷ್ಟಿತ್ತೆಂದರೆ, 1987ರ ಡ್ರಾಫ್ಟ್‌ನ ಮೊದಲ ಸುತ್ತಿನಲ್ಲಿ ಅದರ ಮೂವರು ಆಯ್ಕೆಯಾದರು. ಬೋಗ್ಸ್ ಆಡಿದಷ್ಟು ಬ್ಯಾಸ್ಕೆಟ್‌ಬಾಲ್ ಆಡಿದ ಮಕ್ಕಳು ಭೂಮಿಯ ಮೇಲೆ ಹೆಚ್ಚಿರಲಾರರು.

ಉತ್ತರ ಮೂಳೆಯಲ್ಲಿದೆ. ಇದನ್ನು ಸ್ವಲ್ಪ ನಿಧಾನವಾಗಿಯೇ ಹೇಳುತ್ತೇನೆ, ಏಕೆಂದರೆ ಇಷ್ಟು ಅರ್ಥವಾದರೆ ಪುಡಿಯ ಡಬ್ಬಿಗೆ ದುಡ್ಡು ಸುರಿಯುವುದು ತಾನಾಗಿಯೇ ನಿಲ್ಲುತ್ತದೆ. ತೊಡೆಯ ಮತ್ತು ಮೊಣಕಾಲ ಕೆಳಗಿನ ಉದ್ದ ಮೂಳೆಗಳ ತುದಿಗಳ ಬಳಿ ಮಕ್ಕಳಲ್ಲಿ ಒಂದು ತೆಳು ಮೃದ್ವಸ್ಥಿ ಪದರ ಇರುತ್ತದೆ, ಅದೇ ಬೆಳವಣಿಗೆ ಫಲಕ. ಅಲ್ಲಿ ಜೀವಕೋಶಗಳು ಒಂದರ ಮೇಲೊಂದು ಸಾಲುಗಟ್ಟಿ ವಿಭಜನೆಯಾಗುತ್ತವೆ, ಊದಿಕೊಳ್ಳುತ್ತವೆ, ಸಾಯುತ್ತವೆ. ಅವು ಬಿಟ್ಟುಹೋದ ಜಾಗದಲ್ಲಿ ಸುಣ್ಣ ಕಟ್ಟಿ ಹೊಸ ಮೂಳೆ ಕೂರುತ್ತದೆ. ಮೂಳೆ ಉದ್ದವಾಗುವುದು ಈ ಪದರದಲ್ಲಿ ಮಾತ್ರ. ಪಿಟ್ಯುಟರಿ ಗ್ರಂಥಿಯ ಬೆಳವಣಿಗೆ ಹಾರ್ಮೋನು ಇದನ್ನು ಚುರುಕುಗೊಳಿಸುತ್ತದೆ. ಪ್ರಾಯ ಬಂದಾಗ ಈಸ್ಟ್ರೊಜೆನ್ ಹಾರ್ಮೋನು ಮೊದಲು ಬೆಳವಣಿಗೆಯನ್ನು ಜೋರಾಗಿಸಿ, ಆಮೇಲೆ ಫಲಕವನ್ನೇ ಮೂಳೆಯಾಗಿಸಿ ಮುಚ್ಚಿಬಿಡುತ್ತದೆ. ಗಂಡುಮಕ್ಕಳಲ್ಲೂ ಈ ಕೆಲಸ ಈಸ್ಟ್ರೊಜೆನ್‌ನದೇ. 1994ರಲ್ಲಿ ವೈದ್ಯರು ವರದಿ ಮಾಡಿದ 28 ವರ್ಷದ ಒಬ್ಬ ವ್ಯಕ್ತಿಯ ಜೀವಕೋಶಗಳಿಗೆ ಆನುವಂಶಿಕ ದೋಷದಿಂದಾಗಿ ಈಸ್ಟ್ರೊಜೆನ್‌ನ ಸಂದೇಶ ತಲುಪುತ್ತಿರಲಿಲ್ಲ. ಆತನ ಎತ್ತರ 204 ಸೆಂ.ಮೀ., ಫಲಕಗಳು ಆ ವಯಸ್ಸಿನಲ್ಲೂ ತೆರೆದಿದ್ದವು, ಬೆಳವಣಿಗೆ ಇನ್ನೂ ನಡೆದಿತ್ತು.

ಜಿಗಿತ ಇಲ್ಲಿ ಎಲ್ಲಿ ಬಂತು? ಜಿಗಿದರೆ ಮೂಳೆ ಗಟ್ಟಿಯಾಗುತ್ತದೆ, ದಪ್ಪವಾಗುತ್ತದೆ. ಟೆನಿಸ್ ಆಟಗಾರರ ರಾಕೆಟ್ ಹಿಡಿಯುವ ತೋಳಿನ ಮೂಳೆ ಇನ್ನೊಂದು ತೋಳಿನದಕ್ಕಿಂತ ದಪ್ಪ ಇರುವುದನ್ನು ಅಳೆದು ನೋಡಿದ್ದಾರೆ. ಉದ್ದದ ವಿಚಾರ ಬೇರೆ. ಕಂಬಿಗೆ ಜೋತಾಡಿದರೆ ಬೆನ್ನುಮೂಳೆಯ ನಡುವಿನ ಮೆತ್ತೆಗಳು ಸ್ವಲ್ಪ ಹಿಗ್ಗುತ್ತವೆ. ರಾತ್ರಿ ಮಲಗಿ ಎದ್ದಾಗಲೂ ಹಾಗೆಯೇ ಹಿಗ್ಗಿರುತ್ತವೆ, ಸಂಜೆಯ ಹೊತ್ತಿಗೆ ಮತ್ತೆ ಕುಗ್ಗುತ್ತವೆ. ಒಳ್ಳೆಯ ಆಹಾರ ಸಿಗುವ ಸಮಾಜಗಳಲ್ಲಿ ಜನರ ನಡುವಿನ ಎತ್ತರದ ವ್ಯತ್ಯಾಸದಲ್ಲಿ ಸುಮಾರು ಶೇ 80ರಷ್ಟು ಆನುವಂಶಿಕ. 2022ರಲ್ಲಿ ಪ್ರಕಟವಾದ, 50 ಲಕ್ಷಕ್ಕೂ ಹೆಚ್ಚು ಜನರ ಡಿಎನ್‌ಎ ಪರಿಶೀಲಿಸಿದ ಅಧ್ಯಯನ ಎತ್ತರಕ್ಕೆ ಸಂಬಂಧಿಸಿದ ಸುಮಾರು 12 ಸಾವಿರ ಆನುವಂಶಿಕ ವ್ಯತ್ಯಾಸಗಳನ್ನು ಪಟ್ಟಿ ಮಾಡಿತು. ಉಳಿದದ್ದರಲ್ಲಿ ದೊಡ್ಡ ಪಾಲು ಎಳೆಯ ವಯಸ್ಸಿನ ಪೋಷಣೆ ಮತ್ತು ಕಾಯಿಲೆಗಳದು. ತುತ್ತು ಅನ್ನಕ್ಕೆ, ಹಾಲಿಗೆ, ಮೊಟ್ಟೆಗೆ, ಶುದ್ಧ ನೀರಿಗೆ ಈ ಲೆಕ್ಕದಲ್ಲಿ ಜಾಗವಿದೆ. ಚೆಂಡಿಗೆ ಇಲ್ಲ.

ಹಾಗಾದರೆ ಆರೂವರೆ ಅಡಿಯವರೇ ಅಲ್ಲಿ ತುಂಬಿರುವುದು ಹೇಗೆ? ಚಿಕ್ಕಮಗಳೂರು, ಹಾಸನದ ಕಾಫಿ ಕ್ಯೂರಿಂಗ್ ವರ್ಕ್ಸ್ ನೋಡಿದವರಿಗೆ ಇದು ತಕ್ಷಣ ಹೊಳೆಯುತ್ತದೆ. ಬೀಜಗಳನ್ನು ಬೇರೆಬೇರೆ ಕಣ್ಣಿನ ಜರಡಿಗಳ ಮೇಲೆ ಹಾಯಿಸುತ್ತಾರೆ. ದಪ್ಪ ಬೀಜಗಳು ಮೇಲೆ ಉಳಿದು ಎಎ ದರ್ಜೆಯಾಗುತ್ತವೆ, ಸಣ್ಣವು ಕೆಳಗಿಳಿದು ಎ, ಬಿ ಆಗುತ್ತವೆ. ಎಎ ಮೂಟೆ ಬಿಚ್ಚಿ ನೋಡಿದವರು "ಈ ಜರಡಿ ಬೀಜವನ್ನು ದಪ್ಪ ಮಾಡುತ್ತದೆ" ಎಂದರೆ ತೋಟದವರು ಒಪ್ಪುತ್ತಾರೆಯೇ? ಡ್ರಾಫ್ಟ್ ಎನ್ನುವುದು ಅಂಥ ಜರಡಿ. ಅದಕ್ಕೂ ಮೊದಲು ಕಾಲೇಜಿನ ವಿದ್ಯಾರ್ಥಿವೇತನ ಒಂದು ಜರಡಿ, ಅದಕ್ಕೂ ಮೊದಲು ಹೈಸ್ಕೂಲ್ ತಂಡ ಇನ್ನೊಂದು.

ಡಂಕನ್‌ರ ಕಥೆಯಲ್ಲಿ ಈ ಕ್ರಮ ಸ್ಪಷ್ಟವಾಗಿ ಕಾಣುತ್ತದೆ. ಕೆರಿಬಿಯನ್‌ನ ಸೇಂಟ್ ಕ್ರಾಯ್ ದ್ವೀಪದ ಆ ಹುಡುಗ ಈಜುಗಾರ, ಅಕ್ಕ 1988ರ ಒಲಿಂಪಿಕ್ಸ್‌ನಲ್ಲಿ ಈಜಿದವರು. 1989ರಲ್ಲಿ ಹ್ಯೂಗೊ ಚಂಡಮಾರುತ ದ್ವೀಪದ ಈಜುಕೊಳವನ್ನು ನಾಶ ಮಾಡಿತು. ಬ್ಯಾಸ್ಕೆಟ್‌ಬಾಲ್ ಬಂದದ್ದು ಆಮೇಲೆ. ಬೋಗ್ಸ್ ಆಯ್ಕೆಯಾದ ವರ್ಷವೇ ಮೊದಲ ಸ್ಥಾನ ಪಡೆದ ಡೇವಿಡ್ ರಾಬಿನ್ಸನ್ ಎಸಿಸಿಯವರಲ್ಲ, ಅಮೆರಿಕದ ನೌಕಾ ಅಕಾಡೆಮಿಯವರು. ಹೈಸ್ಕೂಲಿನ ಕೊನೆಯ ವರ್ಷದವರೆಗೆ ಅವರು ತಂಡದಲ್ಲಿ ಆಡಿದವರೇ ಅಲ್ಲ. ಆರೂವರೆ ಅಡಿ ಬೆಳೆದದ್ದು ಮೊದಲು, ಆಟ ಹುಡುಕಿಕೊಂಡು ಬಂದದ್ದು ನಂತರ. ಅಕಾಡೆಮಿ ಸೇರಿದ ಮೇಲೂ ಬೆಳೆದು ಏಳಡಿ ಮುಟ್ಟಿದರು. ನಮ್ಮ ಪಂಜಾಬಿನ ಬಲ್ಲೊಕೆ ಹಳ್ಳಿಯ ಸತ್ನಾಮ್ ಸಿಂಗ್ ಭಮರಾ 2015ರಲ್ಲಿ ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಭಾರತೀಯ. ಅವರ ತಂದೆಯೂ ಅಸಾಧಾರಣ ಎತ್ತರದವರು. ಅವರ ಹಳ್ಳಿಯಲ್ಲಿ ಬ್ಯಾಸ್ಕೆಟ್‌ಬಾಲ್ ಆಡಿದ ಮಿಕ್ಕ ಹುಡುಗರೆಲ್ಲ ಏಳಡಿ ಆಗಲಿಲ್ಲ.

ಇಲ್ಲಿಗೆ ಒಂದು ತಪ್ಪು ಕಲ್ಪನೆ ಮುಗಿಯಿತು ಎನ್ನುವಾಗ ಅದರ ಎದುರು ದಿಕ್ಕಿನಿಂದ ಇನ್ನೊಂದು ಬರುತ್ತದೆ. "ಬೋಗ್ಸ್ ಆಡಿದರಲ್ಲ, ಹಾಗಾದರೆ ಎತ್ತರ ಮುಖ್ಯವೇ ಅಲ್ಲ, ಮನಸ್ಸಿದ್ದರೆ ಸಾಕು." ಇದಕ್ಕೆ ಅಂಕಿಅಂಶದ ಬೆಂಬಲವನ್ನೂ ಕೊಡುತ್ತಾರೆ: ಎನ್‌ಬಿಎ ಒಳಗೆ ಎತ್ತರ ಹೆಚ್ಚಿದ್ದವರೇ ಹೆಚ್ಚು ಅಂಕ ಗಳಿಸುತ್ತಾರೆ ಎನ್ನುವಂತಿಲ್ಲವಲ್ಲ! ನಿಜ, ಹಾಗೇನೂ ಇಲ್ಲ. ಆದರೆ ಅಮೆರಿಕದ ಗಂಡಸರ ಸರಾಸರಿ ಎತ್ತರ ಸುಮಾರು 5 ಅಡಿ 9 ಅಂಗುಲ, ಎನ್‌ಬಿಎಯದು ಸುಮಾರು 6 ಅಡಿ 6 ಅಂಗುಲ. ಎತ್ತರದ ಕೆಲಸ ಬಾಗಿಲಲ್ಲೇ ಮುಗಿದಿದೆ. ಒಳಗೆ ಹೋಗಿ ಅದನ್ನು ಹುಡುಕಿದರೆ ಸಿಗುವುದಿಲ್ಲ, ಏಕೆಂದರೆ ಒಳಗಿರುವವರೆಲ್ಲ ಜರಡಿ ದಾಟಿದವರು.

ಇದಕ್ಕಿಂತ ಚೋದ್ಯದ ಸಂಗತಿ ಇನ್ನೊಂದಿದೆ, ನನಗೆ ಬಹಳ ಇಷ್ಟವಾದದ್ದೂ ಅದೇ. ಎತ್ತರಕ್ಕೆ 10 ಅಂಕ, ಕೌಶಲಕ್ಕೆ 10 ಅಂಕ ಎಂದುಕೊಳ್ಳಿ. ಊರಿನ ಜನರಲ್ಲಿ ಇವೆರಡಕ್ಕೂ ಪರಸ್ಪರ ಸಂಬಂಧವೇ ಇಲ್ಲ, ಎಲ್ಲ ಜೋಡಿಗಳೂ ಸಮಾನವಾಗಿ ಹರಡಿವೆ. ಎರಡೂ ಕೂಡಿ 14 ಅಥವಾ ಹೆಚ್ಚು ಬಂದವರಿಗಷ್ಟೇ ಪ್ರವೇಶ. ಎತ್ತರದಲ್ಲಿ 10 ಇರುವವರು ಕೌಶಲದಲ್ಲಿ 4 ಇದ್ದರೂ ಒಳಗೆ ಬರುತ್ತಾರೆ. 4ರಿಂದ 10ರವರೆಗಿನ ಎಲ್ಲರೂ ಸೇರಿದಾಗ ಅವರ ಕೌಶಲದ ಸರಾಸರಿ 7. ಎತ್ತರದಲ್ಲಿ 5 ಇರುವವರಿಗೆ ಕೌಶಲದಲ್ಲಿ 9 ಅಥವಾ 10 ಇರಲೇಬೇಕು, ಅವರ ಸರಾಸರಿ 9.5. ಎತ್ತರ 3 ಇದ್ದವರಿಗೆ ಬಾಗಿಲು ಮುಚ್ಚಿದೆ. ಈಗ ಒಳಗಿನವರನ್ನು ಮಾತ್ರ ನೋಡಿದವರು ಏನೆನ್ನುತ್ತಾರೆ? "ಗಿಡ್ಡಗಿರುವವರ ಕೈ ಚುರುಕು, ಎತ್ತರದವರದು ಒರಟು." ಹೊರಗೆ ಇಲ್ಲದ ಸಂಬಂಧವೊಂದು ಜರಡಿಯಿಂದಲೇ ಹುಟ್ಟಿಬಿಟ್ಟಿತು. ವೇಕ್ ಫಾರೆಸ್ಟ್‌ನ ಮೂವರ ಫ್ರೀ ಥ್ರೋ (ಎದುರಾಳಿಯ ತಪ್ಪಿಗೆ ಸಿಗುವ, ಯಾರೂ ಅಡ್ಡ ಬರದ ಎಸೆತ) ಲೆಕ್ಕವನ್ನೇ ನೋಡಿ: ಡಂಕನ್ ವೃತ್ತಿಜೀವನದಲ್ಲಿ ನೂರಕ್ಕೆ ಸುಮಾರು 70 ಹಾಕಿದರು, ಬೋಗ್ಸ್ 80ಕ್ಕೂ ಹೆಚ್ಚು, ಪಾಲ್ ಸುಮಾರು 87. ಡಂಕನ್ ಐದು ಬಾರಿ ಚಾಂಪಿಯನ್, ಅವರ ಕೌಶಲವನ್ನು ಯಾರೂ ಅಲ್ಲಗಳೆಯಲಾರರು. ಆದರೆ 70 ಹಾಕುವ ಆರಡಿಯವರೊಬ್ಬರು ಆ ಬಾಗಿಲಿನವರೆಗೂ ಬರುವುದು ಬಹಳ ಕಷ್ಟ.

ಈ ಮೋಸವನ್ನು ಮೊದಲು ಗಣಿತದಲ್ಲಿ ಬಿಡಿಸಿಟ್ಟವರು ಮೇಯೊ ಕ್ಲಿನಿಕ್‌ನ ಜೋಸೆಫ್ ಬರ್ಕ್‌ಸನ್, 1946ರಲ್ಲಿ. ಅವರ ಉದಾಹರಣೆಯಲ್ಲಿ ಇದ್ದದ್ದು ಮಧುಮೇಹ ಮತ್ತು ಪಿತ್ತಕೋಶದ ಉರಿಯೂತ. ಎರಡು ಕಾಯಿಲೆಗಳಿಗೆ ಊರಿನಲ್ಲಿ ಸಂಬಂಧವಿಲ್ಲದಿದ್ದರೂ ಆಸ್ಪತ್ರೆಯ ದಾಖಲೆಗಳನ್ನು ಮಾತ್ರ ನೋಡಿದರೆ ಸಂಬಂಧ ಇದ್ದಂತೆ ತೋರಬಹುದು, ಏಕೆಂದರೆ ಆಸ್ಪತ್ರೆಗೆ ದಾಖಲಾಗುವುದೂ ಒಂದು ಆಯ್ಕೆಯೇ. "ಇಂಥ ಬೇರು ತಿಂದವರು ಗುಣವಾದರು" ಎಂದು ಗುಣವಾದವರನ್ನಷ್ಟೇ ಎಣಿಸಿ ಹೇಳುವ ಮಾತುಗಳು ದಿನಾ ಮೊಬೈಲಿಗೆ ಬಂದು ಬೀಳುವಾಗ, ಬರ್ಕ್‌ಸನ್ ಹೆಸರು ನಮ್ಮ ಶಾಲೆಗಳಲ್ಲಿ ಯಾರಿಗೂ ಗೊತ್ತಿಲ್ಲ ಎಂಬುದು ನನಗೆ ಚಿಂತೆಯ ವಿಷಯ.

ಜರಡಿಯ ಕಣ್ಣು ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ ಎಂಬುದನ್ನೂ ಎಸಿಸಿ ತೋರಿಸುತ್ತದೆ. ನಾರ್ತ್ ಕೆರೊಲಿನಾ ಸ್ಟೇಟ್‌ನ ಸ್ಪಡ್ ವೆಬ್, 5 ಅಡಿ 7 ಅಂಗುಲದವರು, 1985ರಲ್ಲಿ ನಾಲ್ಕನೆಯ ಸುತ್ತಿನಲ್ಲಿ 87ನೆಯವರಾಗಿ ಆಯ್ಕೆಯಾದರು. ಮರುವರ್ಷವೇ, ಜಿಗಿದು ಚೆಂಡನ್ನು ಬುಟ್ಟಿಗೆ ತುರುಕುವ ಡಂಕ್ ಸ್ಪರ್ಧೆ ಗೆದ್ದರು. 1989ರಿಂದ ಡ್ರಾಫ್ಟ್‌ನಲ್ಲಿ ಇರುವುದು ಎರಡೇ ಸುತ್ತು. 87ನೆಯ ಸ್ಥಾನವೇ ಇಲ್ಲ.

ಆದರೆ ಎಸಿಸಿಯ ಅತಿ ದೊಡ್ಡ ಜರಡಿಗೆ ಎತ್ತರದ ಸಂಬಂಧವೇ ಇರಲಿಲ್ಲ. ಕೂಟ ಹುಟ್ಟಿದ್ದು 1953ರಲ್ಲಿ. ಮೊದಲ ಕಪ್ಪು ಆಟಗಾರ ಬಿಲ್ಲಿ ಜೋನ್ಸ್ ಮೇರಿಲ್ಯಾಂಡ್ ತಂಡದಲ್ಲಿ ಕಾಣಿಸಿಕೊಂಡದ್ದು 1965ರಲ್ಲಿ. ನಡುವಿನ ವರ್ಷಗಳಲ್ಲಿ ಎಸಿಸಿಯಿಂದ ಡ್ರಾಫ್ಟ್ ಆದವರ ಪಟ್ಟಿಯಲ್ಲಿ ಒಬ್ಬ ಕಪ್ಪು ಆಟಗಾರನೂ ಇಲ್ಲ. ಆ ಪಟ್ಟಿ ಹಿಡಿದು ಯಾವ ಜನಾಂಗದವರು ಆಟಕ್ಕೆ ಲಾಯಕ್ಕು ಎಂದು ಲೆಕ್ಕ ಹಾಕಿದ್ದರೆ ಬರುತ್ತಿದ್ದ ಉತ್ತರವನ್ನು ಊಹಿಸಿಕೊಳ್ಳಿ. ಡ್ಯೂಕ್ ಇರುವ ಡರ್ಹಮ್ ಊರಲ್ಲೇ, ಕಪ್ಪು ವಿದ್ಯಾರ್ಥಿಗಳ ನಾರ್ತ್ ಕೆರೊಲಿನಾ ಕಾಲೇಜಿನಲ್ಲಿ ಓದುತ್ತಿದ್ದ ಸ್ಯಾಮ್ ಜೋನ್ಸ್ 1957ರಲ್ಲಿ ಬಾಸ್ಟನ್ ಸೆಲ್ಟಿಕ್ಸ್‌ಗೆ ಆಯ್ಕೆಯಾಗಿ 10 ಚಾಂಪಿಯನ್‌ಷಿಪ್ ಗೆದ್ದರು. ವೇಕ್ ಫಾರೆಸ್ಟ್ ಇರುವ ವಿನ್‌ಸ್ಟನ್-ಸೇಲಮ್ ಊರಲ್ಲೇ, ವಿನ್‌ಸ್ಟನ್-ಸೇಲಮ್ ಸ್ಟೇಟ್‌ನ ಅರ್ಲ್ ಮನ್ರೊ ಕೊನೆಯ ವರ್ಷ ಪಂದ್ಯಕ್ಕೆ ಸರಾಸರಿ 41.5 ಅಂಕ ಹಾಕಿ 1967ರಲ್ಲಿ ಎರಡನೆಯವರಾಗಿ ಡ್ರಾಫ್ಟ್ ಆದರು. ಅದೇ ಊರು, ಅದೇ ವರ್ಷಗಳು, ಕೆಲವೇ ಮೈಲಿ ದೂರ. ಎಸಿಸಿ ಪಟ್ಟಿಯಲ್ಲಿ ಇಬ್ಬರೂ ಇಲ್ಲ. ಇಂದು ಅದೇ ಪಟ್ಟಿಯ ತುಂಬ ಕಪ್ಪು ಆಟಗಾರರನ್ನು ಕಂಡು "ಅವರಿಗೆ ಅದು ಹುಟ್ಟಿನಿಂದ ಬಂದದ್ದು" ಎನ್ನುವವರೂ ಮಾಡುತ್ತಿರುವುದು ಜರಡಿಯನ್ನು ಮರೆತ ಅದೇ ಲೆಕ್ಕವನ್ನೇ. ಯಾವ ಮಕ್ಕಳಿಗೆ ಯಾವ ಬಾಗಿಲು ತೆರೆದಿತ್ತು, ಯಾವುದು ಮುಚ್ಚಿತ್ತು ಎಂಬುದನ್ನು ಅವರು ಕೇಳುವುದಿಲ್ಲ.

ನಾರ್ತ್ ಕೆರೊಲಿನಾದ ಕಪ್ಪು ಆಟಗಾರ ಡೇವಿಡ್ ಥಾಂಪ್ಸನ್ ಹುಟ್ಟಿದ್ದು 1954ರಲ್ಲಿ, ಎಸಿಸಿ ಹುಟ್ಟಿದ ಮರುವರ್ಷ. ಎತ್ತರ 6 ಅಡಿ 4 ಅಂಗುಲ, ಅವರ ಜಿಗಿತಕ್ಕೆ ಜನ ಇಟ್ಟ ಹೆಸರು ಸ್ಕೈವಾಕರ್. 1975ರ ಡ್ರಾಫ್ಟ್‌ನಲ್ಲಿ ಮೊದಲ ಆಯ್ಕೆ ಅವರೇ, ನಾರ್ತ್ ಕೆರೊಲಿನಾ ಸ್ಟೇಟ್‌ನಿಂದ. ಹತ್ತು ವರ್ಷ ಮೊದಲು ಅದೇ ಊರಲ್ಲಿ ಅದೇ ಕಾಲುಗಳೊಂದಿಗೆ ಹುಟ್ಟಿದ್ದರೆ ಆ ತಂಡದ ಅಂಗಿ ಅವರಿಗೆ ಸಿಗುತ್ತಿರಲಿಲ್ಲ. 2009ರಲ್ಲಿ ಹಾಲ್ ಆಫ್ ಫೇಮ್ ಸೇರುವಾಗ ತಮ್ಮನ್ನು ವೇದಿಕೆಗೆ ಕರೆತರಲು ಮೈಕೆಲ್ ಜೋರ್ಡನ್ ಆರಿಸಿಕೊಂಡದ್ದು ಇವರನ್ನೇ. ಬಾಲ್ಯದಲ್ಲಿ ಜೋರ್ಡನ್ ನೋಡುತ್ತ ಬೆಳೆದದ್ದು ಥಾಂಪ್ಸನ್ ಅವರ ಆಟವನ್ನು.