ಸ್ಯಾನ್ ಆಂಟೋನಿಯೊದ ಸೆಕೆ, ಕುಡ್ಲದ ಗಂಜಿ

2014ರ ಜೂನ್ 5. ಅಮೆರಿಕದ ಸ್ಯಾನ್ ಆಂಟೋನಿಯೊದಲ್ಲಿ ಅಲ್ಲಿನ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯ ಫೈನಲ್ಸ್‌ನ ಮೊದಲ ಪಂದ್ಯ ನಡೆಯುತ್ತಿದ್ದಾಗ ಕ್ರೀಡಾಂಗಣದ ಏಸಿ ಕೆಟ್ಟಿತು. ಒಳಗಿನ ತಾಪ 32 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಏರಿತು. ಪಂದ್ಯ ಮುಗಿಯಲು ಇನ್ನು ಸುಮಾರು 4 ನಿಮಿಷ ಇರುವಾಗ ಮಿಯಾಮಿ ಹೀಟ್ ತಂಡದ ಲೆಬ್ರಾನ್ ಜೇಮ್ಸ್ ಚೆಂಡನ್ನು ಬುಟ್ಟಿಗೆ ಹಾಕಿದವರು ಇದ್ದಲ್ಲೇ ನಿಂತುಬಿಟ್ಟರು. ಕಾಲಿನ ಸ್ನಾಯು ಹಿಡಿದುಕೊಂಡಿತ್ತು. ಜತೆಗಾರರು ಎತ್ತಿ ಹೊರಗೆ ಕರೆದೊಯ್ದರು. ಆಗ ಮಿಯಾಮಿ ಎರಡೇ ಅಂಕ ಹಿಂದಿತ್ತು. ಕೊನೆಗೆ ಸೋತದ್ದು 110-95ರಲ್ಲಿ.

ಜಗತ್ತಿನ ಅತ್ಯುತ್ತಮ ಆಟಗಾರನನ್ನು ಕೆಡವಿದ ಆ 32 ಡಿಗ್ರಿ ನಮ್ಮ ಕುಡ್ಲದಲ್ಲಿ, ಅಂದರೆ ಮಂಗಳೂರಿನಲ್ಲಿ, ಏಪ್ರಿಲ್ ತಿಂಗಳ ಮಾಮೂಲಿ ಸಂಜೆ. ಬ್ಯಾಸ್ಕೆಟ್‌ಬಾಲ್ ಆಟಗಾರರ ಊಟ-ತರಬೇತಿಯ ಬಗ್ಗೆ ಓದುವಾಗ ನಾನು ಇದನ್ನು ಮರೆಯುವುದಿಲ್ಲ. ಆ ಬರಹಗಳೆಲ್ಲ ತಂಪಾದ ಒಳಾಂಗಣದಲ್ಲಿ ಆಡುವವರಿಗಾಗಿ ಬರೆದವು. ನಮ್ಮ ಮಕ್ಕಳು ಆಡುವುದು ಬಿಸಿಲು ಕುಡಿದ ಸಿಮೆಂಟಿನ ಮೇಲೆ, ಕಡಲಿನಿಂದ ಬರುವ ಒದ್ದೆ ಗಾಳಿಯಲ್ಲಿ.

ಕಳೆದ ಬೇಸಿಗೆಯಲ್ಲಿ ತಂಗಿಯ ಮಗಳ ಆಟ ನೋಡಲು ಕದ್ರಿ ಬದಿಯ ಅಂಕಣಕ್ಕೆ ಹೋಗಿದ್ದೆ. ಹದಿನೇಳರ ಹುಡುಗಿ, ಒಳ್ಳೆಯ ಜಿಗಿತ ಉಂಟು. ಅಭ್ಯಾಸ ಮುಗಿಯುವ ಹೊತ್ತಿಗೆ ಮೀನಖಂಡ ಹಿಡಿದುಕೊಂಡು ಗೋಡೆ ಬದಿಯಲ್ಲಿ ಕೂತಳು.

"ಎಂತ ತಿಂದು ಬಂದದ್ದು ನೀನು?"

"ಎರಡು ಬನ್ಸ್, ದೊಡ್ಡಮ್ಮ. ಮತ್ತೆ ಚಾ."

"ನೀರು?"

ಅವಳು ಬಾಟಲಿ ಎತ್ತಿ ತೋರಿಸಿದಳು. ಮುಕ್ಕಾಲು ಹಾಗೆಯೇ ಇತ್ತು.

ಮರುದಿನದಿಂದ ಮನೆಯ ತೂಕದ ಯಂತ್ರ ಕೆಲಸಕ್ಕೆ ಬಂತು. ಆಟಕ್ಕೆ ಹೊರಡುವಾಗ 58 ಕಿಲೊ. ಒಂದೂವರೆ ಗಂಟೆ ಆಡಿ ಬಂದು, ಮೈ ಒರೆಸಿ, ಒಣ ಬಟ್ಟೆ ಹಾಕಿ ನಿಂತಾಗ 56.9. ನಡುವೆ ಕುಡಿದದ್ದು 300 ಮಿಲಿ ಲೀಟರ್ ನೀರು. ಅಂದರೆ ಬೆವರಾಗಿ ಹೋದದ್ದು ಸುಮಾರು 1.4 ಲೀಟರ್. ದೇಹದ ತೂಕದ ನೂರಕ್ಕೆ ಎರಡರಷ್ಟು ನೀರು ಕಡಿಮೆಯಾದರೆ ಓಟ, ಗಮನ, ಗುರಿ ಎಲ್ಲವೂ ಕುಂದತೊಡಗುತ್ತವೆ ಎನ್ನುತ್ತದೆ ಕ್ರೀಡಾ ವಿಜ್ಞಾನ. ಇವಳು ಆ ಗೆರೆಗೆ ಬಂದು ತಲುಪಿದ್ದಳು.

ಬೆವರಿನ ಲೆಕ್ಕ ನಮ್ಮ ಕರಾವಳಿಯಲ್ಲಿ ಬೇರೆಯೇ. ಸ್ನಾಯು ಬಳಸುವ ಶಕ್ತಿಯಲ್ಲಿ ಚಲನೆಯಾಗುವುದು ಸುಮಾರು ಕಾಲು ಪಾಲು, ಉಳಿದದ್ದೆಲ್ಲ ಶಾಖ. ಒಂದು ಲೀಟರ್ ಬೆವರು ಚರ್ಮದ ಮೇಲೆ ಆವಿಯಾದರೆ ಸುಮಾರು 580 ಕಿಲೊ ಕ್ಯಾಲೊರಿ ಶಾಖವನ್ನು ಹೊತ್ತೊಯ್ಯುತ್ತದೆ. ಆದರೆ ಆವಿಯಾಗಬೇಕು. ಗಾಳಿಯಲ್ಲಿ ಮೊದಲೇ ತೇವ ತುಂಬಿದ್ದರೆ ಬೆವರು ತೊಟ್ಟಿಕ್ಕಿ ನೆಲಕ್ಕೆ ಬೀಳುತ್ತದೆ. ನೆಲಕ್ಕೆ ಬಿದ್ದ ಹನಿ ಮೈಯನ್ನು ತಣಿಸುವುದಿಲ್ಲ. ತಣಿಯದ ಮೈ ಇನ್ನಷ್ಟು ಬೆವರುತ್ತದೆ. ಬೆಂಗಳೂರಿನ ಹುಡುಗಿಯಷ್ಟೇ ಆಡಿದರೂ ಕುಡ್ಲದ ಹುಡುಗಿ ಹೆಚ್ಚು ನೀರು, ಹೆಚ್ಚು ಉಪ್ಪು ಕಳೆದುಕೊಳ್ಳುವುದು ಹೀಗೆ.

ಉಪ್ಪಿನ ವಿಚಾರದಲ್ಲಿ ನಮ್ಮಲ್ಲಿ ಒಂದು ತಪ್ಪು ನಂಬಿಕೆ ಗಟ್ಟಿಯಾಗಿದೆ. ಆಟ ಮುಗಿದ ಕೂಡಲೇ ಬೊಂಡ, ಅಂದರೆ ಎಳನೀರು, ಕುಡಿದರೆ ಎಲ್ಲ ಸರಿಹೋಯಿತು ಎಂದು. ಬೊಂಡದ ನೀರಿನಲ್ಲಿ ಪೊಟ್ಯಾಸಿಯಂ ಧಾರಾಳವಾಗಿದೆ, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ. ಅದು ಒಬ್ಬೊಬ್ಬರಲ್ಲಿ ಒಂದೊಂದು ತರಹ, ಆದರೂ ಲೀಟರಿಗೆ ಒಂದು ಗ್ರಾಂ ಎಂದು ಹಿಡಿದರೆ ಇವಳು ಒಂದೇ ಸಂಜೆಯಲ್ಲಿ ಅರ್ಧ ಚಮಚಕ್ಕಿಂತ ಹೆಚ್ಚು ಅಡುಗೆ ಉಪ್ಪನ್ನು ಬೆವರಿದಂತಾಯಿತು. ಬೊಂಡ ಕುಡಿಯಲಿ, ಅದು ಒಳ್ಳೆಯದೇ. ಅದಕ್ಕೆ ಚಿಟಿಕೆ ಉಪ್ಪು ಬೀಳಲಿ. ಉಪ್ಪು ಹಾಕಿದ ನೀರು ಮಜ್ಜಿಗೆ ಇನ್ನೂ ಒಳ್ಳೆಯದು.

ಸ್ನಾಯು ಹಿಡಿಯುವುದಕ್ಕೆ ಉಪ್ಪು-ನೀರಿನ ಕೊರತೆ ಒಂದೇ ಕಾರಣವಲ್ಲ. ದಣಿದ ಸ್ನಾಯುವಿಗೆ ಬೆನ್ನುಹುರಿಯಿಂದ ಹೋಗುವ ನರಸಂಕೇತಗಳು ಹದ ತಪ್ಪುವುದೂ ಕಾರಣ. 2010ರಲ್ಲಿ ಪ್ರಕಟವಾದ ಒಂದು ಪ್ರಯೋಗ ನನಗೆ ಬಹಳ ಇಷ್ಟ. ಕಾಲ್ಬೆರಳಿನ ಸ್ನಾಯುವಿಗೆ ವಿದ್ಯುತ್ತಿನಿಂದ ಸೆಳೆತ ಬರಿಸಿ, ಕೆಲವು ಸಲ ನೀರು, ಕೆಲವು ಸಲ ಉಪ್ಪಿನಕಾಯಿಯ ರಸ ಕುಡಿಸಿದರು. ನೀರು ಕುಡಿದಾಗ ಸೆಳೆತ ಬಿಡಲು ಸರಾಸರಿ 134 ಸೆಕೆಂಡು ಹಿಡಿಯಿತು, ಉಪ್ಪಿನಕಾಯಿ ರಸಕ್ಕೆ 85 ಸೆಕೆಂಡು. ಅಷ್ಟರೊಳಗೆ ಆ ಉಪ್ಪು ರಕ್ತಕ್ಕೆ ಸೇರಿರಲು ಸಾಧ್ಯವಿಲ್ಲ. ಹುಳಿ ಗಂಟಲಿಗೆ ತಾಗಿದ್ದೇ ನರಗಳ ಮೂಲಕ ಸ್ನಾಯುವನ್ನು ಸಡಿಲಿಸಿರಬೇಕು ಎಂದು ಸಂಶೋಧಕರು ಊಹಿಸಿದರು. ಅದು ವಿನೆಗರ್‌ನಲ್ಲಿ ಹಾಕಿದ ಸೌತೆಕಾಯಿಯ ರಸ, ನಮ್ಮ ಮಾವಿನ ಮಿಡಿಯದ್ದಲ್ಲ.

ಇನ್ನು ಊಟ. ಬ್ಯಾಸ್ಕೆಟ್‌ಬಾಲ್ ಎಂದರೆ ಸತತ ಓಟ ಎಂದುಕೊಂಡವರು ಬಹಳ. ಆಸ್ಟ್ರೇಲಿಯಾದ ಆಟಗಾರರನ್ನು ಗಮನಿಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಒಂದು ಪಂದ್ಯದಲ್ಲಿ ಆಟಗಾರ ಸುಮಾರು ಸಾವಿರ ಬಾರಿ ಚಲನೆ ಬದಲಿಸುತ್ತಾನೆ. ಎಂದರೆ ಎರಡು ಸೆಕೆಂಡಿಗೊಮ್ಮೆ: ಓಡು, ನಿಲ್ಲು, ಜಿಗಿ, ಅಡ್ಡ ಸರಿ. ಆ ಸಿಡಿತಕ್ಕೆ ಬೇಕಾದ ತತ್‌ಕ್ಷಣದ ಇಂಧನ ಸ್ನಾಯುವಿನಲ್ಲಿರುವ ಫಾಸ್ಫೋಕ್ರಿಯಾಟಿನ್. ಅದು ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಬರಿದಾಗುತ್ತದೆ, ಆಟ ನಿಧಾನವಾದಾಗ ಮತ್ತೆ ತುಂಬಿಕೊಳ್ಳುತ್ತದೆ. ಅದರ ಹಿಂದೆ ನಿಂತು ದುಡಿಯುವುದು ಗ್ಲೈಕೋಜನ್, ಅಂದರೆ ಸ್ನಾಯುವಿನಲ್ಲೂ ಪಿತ್ತಜನಕಾಂಗದಲ್ಲೂ ಕೂಡಿಟ್ಟ ಸಕ್ಕರೆ. ವಯಸ್ಕರ ಮೈಯಲ್ಲಿ ಎಲ್ಲ ಸೇರಿ ಇದು ಹೆಚ್ಚೆಂದರೆ ಅರ್ಧ ಕಿಲೊದಷ್ಟು. ಪಂದ್ಯದ ಕೊನೆಯ ಪಾಲಾದ ನಾಲ್ಕನೇ ಕ್ವಾರ್ಟರ್‌ನಲ್ಲಿ ಕಾಲು ಭಾರವಾಗುವುದು ಈ ಉಗ್ರಾಣ ಬರಿದಾಗುವಾಗ.

ಉಗ್ರಾಣ ತುಂಬುವುದು ಅನ್ನ. ವೃತ್ತಿಪರ ಆಟಗಾರರಿಗೆ ದಿನಕ್ಕೆ ತೂಕದ ಪ್ರತಿ ಕಿಲೊಗೆ 5ರಿಂದ 7 ಗ್ರಾಂ ಕಾರ್ಬೋಹೈಡ್ರೇಟ್ ಹೇಳುತ್ತಾರೆ. ನಮ್ಮ ಹುಡುಗಿಗೆ ಅದು 350 ಗ್ರಾಂ ಹತ್ತಿರ. ಸ್ನೇಹಿತೆಯರ ಮಾತು ಕೇಳಿ ಅನ್ನ ಬಿಟ್ಟಿದ್ದಳು ಎಂದು ಆಮೇಲೆ ಗೊತ್ತಾಯಿತು. ಬೆಳೆಯುವ ಆಟಗಾರ್ತಿ ಅನ್ನ ಬಿಡುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಅದರಲ್ಲೂ ಕುಚ್ಚಲಕ್ಕಿಯಂಥ ಅನ್ನವನ್ನು! ಭತ್ತವನ್ನು ಸಿಪ್ಪೆ ಸಮೇತ ಬೇಯಿಸಿ ಒಣಗಿಸುವಾಗ ತವಡಿನಲ್ಲಿದ್ದ ಬಿ ಜೀವಸತ್ವಗಳ ಒಂದು ಪಾಲು ಕಾಳಿನೊಳಕ್ಕೆ ಇಳಿಯುತ್ತದೆ. ಅದರಲ್ಲಿರುವ ಥಯಮಿನ್ ಇಲ್ಲದೆ ದೇಹ ಸಕ್ಕರೆಯಿಂದ ಶಕ್ತಿ ತೆಗೆಯಲಾರದು. ಆಟಕ್ಕೆ ಮೂರು ಗಂಟೆ ಮೊದಲು ಒಂದು ಬಟ್ಟಲು ಗಂಜಿ, ಉಪ್ಪಿನಕಾಯಿ, ಪಲ್ಯ: ಕಾರ್ಬೋಹೈಡ್ರೇಟ್, ನೀರು, ಉಪ್ಪು ಒಂದೇ ಬಟ್ಟಲಲ್ಲಿ. ಬನ್ಸ್ ಎಣ್ಣೆಯಲ್ಲಿ ಕರಿದದ್ದು. ಕೊಬ್ಬು ಹೊಟ್ಟೆಯಿಂದ ನಿಧಾನವಾಗಿ ಸಾಗುತ್ತದೆ. ಕೋರಿ ರೊಟ್ಟಿಯ ತೆಂಗಿನ ಹಾಲಿನ ಸಾರೂ ಅಷ್ಟೇ, ಅದು ರಜಾದಿನಕ್ಕೆ ಇರಲಿ. ಹೊರಡುವ ಮುನ್ನ ಹಸಿವಾದರೆ ಬಾಳೆಹಣ್ಣು ಸಾಕು.

ಪ್ರೋಟೀನ್ ಡಬ್ಬಿಗೆ ಮನೆಯವರು ದುಡ್ಡು ಸುರಿಯುವುದು ನನಗೆ ಸರಿ ಕಾಣುವುದಿಲ್ಲ. ಆಟದ ನಂತರ ಬೇಕಾದದ್ದು ಒಂದು ಹೊತ್ತಿಗೆ 20 ಗ್ರಾಂ ಚಿಲ್ಲರೆ. ನೂರು ಗ್ರಾಂ ಬಂಗುಡೆ ಅಥವಾ ಬೂತಾಯಿಯಲ್ಲಿ ಹೆಚ್ಚುಕಡಿಮೆ ಅಷ್ಟು ಇದೆ, ಜತೆಗೆ ಒಮೇಗಾ-3 ಕೊಬ್ಬು, ವಿಟಮಿನ್ ಡಿ. ಮೀನು ತಿನ್ನದವರಿಗೆ ಅನ್ನದ ಜತೆ ಹುರುಳಿ ಸಾರು, ಹೆಸರುಕಾಳು, ಮೊಸರು. ಅಕ್ಕಿಯಲ್ಲಿ ಕಡಿಮೆ ಇರುವ ಲೈಸಿನ್ ಎಂಬ ಪ್ರೋಟೀನಿನ ಘಟಕ ಕಾಳಿನಲ್ಲಿ ಸಿಗುತ್ತದೆ.

ಜೂನ್ 1ರಿಂದ ಜುಲೈ 31ರ ತನಕ ನಮ್ಮ ಕಡಲಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬಯಲಿನ ಅಂಕಣದಲ್ಲೂ ನೀರು ನಿಂತಿರುತ್ತದೆ. ಎನ್‌ಬಿಎ ಆಟಗಾರರಿಗೂ ಜೂನ್ ಕಳೆದರೆ ಬಿಡುವು. ಅವರು ಆ ತಿಂಗಳುಗಳಲ್ಲಿ ಬಲ ಕಟ್ಟುತ್ತಾರೆ. ನಮ್ಮ ಮಳೆಗಾಲಕ್ಕೂ ಅದೇ ಕೆಲಸ ಹೊಂದುತ್ತದೆ. ಪಣಂಬೂರು ಕಡಲತೀರದಲ್ಲಿ ಮೈಲುಗಟ್ಟಲೆ ಓಡಿಸುವುದು ಈ ಆಟಕ್ಕೆ ಸರಿಯಾದ ತಯಾರಿಯಲ್ಲ. ಎರಡು ಸೆಕೆಂಡಿಗೊಮ್ಮೆ ಬದಲಾಗುವ ಆಟಕ್ಕೆ ಬೇಕಾದದ್ದು ಚಿಕ್ಕ ಚಿಕ್ಕ ಓಟ, ನಡುವೆ ಚಿಕ್ಕ ವಿಶ್ರಾಂತಿ. ಅದಕ್ಕಿಂತ ಮುಖ್ಯ, ಇಳಿಯುವುದನ್ನು ಕಲಿಯುವುದು. ಜಿಗಿದು ನೆಲ ಮುಟ್ಟುವಾಗ ಕಾಲಿನ ಮೇಲೆ ಬೀಳುವ ಬಲ ಮೈತೂಕದ ಎಷ್ಟೋ ಪಟ್ಟು. ಆಗ ಮಂಡಿಗಳು ಒಳಕ್ಕೆ ವಾಲಿದರೆ ಮಂಡಿಯೊಳಗೆ ಮೂಳೆಗಳನ್ನು ಬಿಗಿದಿಡುವ ಎಸಿಎಲ್ ಎಂಬ ಕಟ್ಟು ಹರಿಯುವ ಅಪಾಯವಿದೆ. ಹುಡುಗಿಯರಲ್ಲಿ ಈ ಗಾಯ ಹುಡುಗರಿಗಿಂತ ಹೆಚ್ಚು. ನಮ್ಮ ಚಾವಡಿಯಲ್ಲೇ ಮೆಟ್ಟಿಲಿನಿಂದ ಇಳಿದು, ಮಂಡಿ ಪಾದದ ನೇರಕ್ಕೆ ಇದೆಯೇ ಎಂದು ಕನ್ನಡಿಯಲ್ಲಿ ನೋಡಿಕೊಳ್ಳುತ್ತಾ ಅವಳು ಮಳೆಗಾಲ ಕಳೆದಳು. ಸದ್ದಾಗದಂತೆ ಇಳಿಯಬೇಕು, ಅಷ್ಟೇ ನಿಯಮ.

ನಿದ್ದೆಯ ವಿಷಯದಲ್ಲಿ ಮಾತ್ರ ಮನೆಯಲ್ಲಿ ಜಗಳವೇ ಆಯಿತು. ಬೆಳಗ್ಗೆ 6 ಗಂಟೆಗೆ ಟ್ಯೂಷನ್, ರಾತ್ರಿ 11ರ ತನಕ ಓದು. 2011ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ 11 ಬ್ಯಾಸ್ಕೆಟ್‌ಬಾಲ್ ಆಟಗಾರರ ಮೇಲಿನ ಅಧ್ಯಯನವನ್ನು ತಂಗಿಯ ಎದುರು ಓದಿ ಹೇಳಿದೆ. ಕೆಲವು ವಾರ ರಾತ್ರಿ ಹತ್ತು ಗಂಟೆ ಹಾಸಿಗೆಯಲ್ಲಿ ಇರುವಂತೆ ಮಾಡಿದಾಗ ಅವರ ಫ್ರೀ ಥ್ರೋ (ಯಾರ ತಡೆಯೂ ಇಲ್ಲದೆ ನಿಂತು ಎಸೆಯುವ ಚೆಂಡು) ಗುರಿ ಶೇ. 9ರಷ್ಟು ಸುಧಾರಿಸಿತ್ತು, ಓಟದ ಸಮಯ 16.2 ಸೆಕೆಂಡಿನಿಂದ 15.5ಕ್ಕೆ ಇಳಿದಿತ್ತು. ಟ್ಯೂಷನ್ ಸಂಜೆಗೆ ಸರಿದದ್ದು ವಾರಕ್ಕೆ ಮೂರು ದಿನ. ಅಷ್ಟಾದರೂ ಆಯಿತು.

ಈಗ ತೂಕದ ಯಂತ್ರದ ಪಕ್ಕ ಅವಳದೇ ಒಂದು ನೋಟ್‌ಬುಕ್ ಇದೆ. ಮೊನ್ನೆಯ ಸಾಲು: ಹೋಗುವಾಗ 58.6, ಬರುವಾಗ 58.2, ನಡುವೆ ಒಂದು ಲೀಟರ್ ಉಪ್ಪು ನೀರು. ಬರೆದಿಟ್ಟು, ಒದ್ದೆ ಕೂದಲಿಗೆ ಬೈರಾಸು ಸುತ್ತಿಕೊಂಡೇ ಅಡುಗೆಮನೆಗೆ ಹೋಗಿ ಬೂತಾಯಿ ಸಾರಿನ ಪಾತ್ರೆಯ ಮುಚ್ಚಳ ತೆಗೆದು ನೋಡಿದಳು.